ಹಳದಿ ಬಾವುಟಕ್ಕೆ ಕಾಣದ ಪೆಟ್ಟು

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಪಂದ್ಯದಲ್ಲಿ ಯಾರಾದರೂ ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಎದುರಾಳಿಗೆ ಗುದ್ದಿದರೆ ರೆಫರಿ ಹಳದಿ ಬಾವುಟ ಎಸೆಯುತ್ತಾನೆ. ತಂಡ 15 ಗಜ ಕಳೆದುಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಆಟಗಾರನಿಗೆ ಸಾವಿರಾರು ಡಾಲರ್ ದಂಡದ ನೋಟಿಸು ಹೋಗುತ್ತದೆ. ಹಳೇ ಹುಲಿಗಳು ಟೀವಿ ಸ್ಟುಡಿಯೋದಲ್ಲಿ ಕೂತು ಆಟ ಮೆತ್ತಗಾಗಿಹೋಯಿತೆಂದು ಗೊಣಗುತ್ತಾರೆ. ಲೀಗ್‌ನವರು ಆಟಗಾರರ ಸುರಕ್ಷತೆಯ ಮುಂದೆ ಬೇರೇನೂ ದೊಡ್ಡದಲ್ಲವೆಂದು ಹೇಳಿಕೆ ಕೊಡುತ್ತಾರೆ. ಹದಿನೈದು ವರ್ಷದಿಂದ ಇದೇ ರಾಗ, ಇದೇ ತಾಳ.

ಎರಡೂ ಕಡೆಯವರು ಜಗಳವಾಡುತ್ತಿರುವುದು ಬೇರೆಯೇ ಪೆಟ್ಟಿನ ಬಗ್ಗೆ. ತಲೆಗೆ ಹೊಡೆಯಬಾರದೆಂಬ ನಿಯಮ ಬೇಡವೆಂದು ನಾನು ಹೇಳುವುದಿಲ್ಲ, ಇರಲೇಬೇಕು. ಆದರೆ ನಿವೃತ್ತ ಆಟಗಾರರ ಮೆದುಳನ್ನು ತಿನ್ನುತ್ತಿರುವುದು ಟೀವಿಯಲ್ಲಿ ಹತ್ತು ಸಲ ತಿರುಗಿಸಿ ತೋರಿಸುವ ಆ ಒಂದು ಭಯಂಕರ ಡಿಕ್ಕಿಯಲ್ಲ. ಯಾರೂ ನೋಡದ, ಯಾವ ನಿಯಮವನ್ನೂ ಮುರಿಯದ ಸಾವಿರಾರು ಸಣ್ಣ ಡಿಕ್ಕಿಗಳು ಅದನ್ನು ತಿನ್ನುತ್ತಿವೆ. ಅವನ್ನು ಕಡಿಮೆ ಮಾಡಬೇಕಾದರೆ ಆಟವನ್ನೇ ಕಡಿಮೆ ಮಾಡಬೇಕು, ಅಂದರೆ ಮಾಲೀಕರ ಆದಾಯಕ್ಕೆ ಕೈ ಹಾಕಬೇಕು. ಅದಕ್ಕಿಂತ ಆಟಗಾರನ ಜೇಬಿಗೆ ಕೈ ಹಾಕುವುದು ಸುಲಭ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಮೈಕ್ ವೆಬ್‌ಸ್ಟರ್ ಅವರ ಕತೆಯಿಂದಲೇ ನೋಡಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್. ಬಗ್ಗಿ ಕೂತು, ನೆಲದ ಮೇಲಿನ ಚೆಂಡನ್ನು ಕಾಲುಗಳ ನಡುವೆ ಹಿಂದಕ್ಕೆ ಕೊಡುವವನು ಸೆಂಟರ್. ಚೆಂಡು ಕೈ ಬಿಟ್ಟ ಕ್ಷಣಕ್ಕೇ ಎದುರು ಒಂದೆರಡು ಅಡಿ ದೂರದಲ್ಲಿ ಹೊಂಚು ಹಾಕಿ ಕೂತ ದೈತ್ಯ ಅವನ ಮೇಲೆ ನುಗ್ಗುತ್ತಾನೆ. ಕೈ ಮೇಲೆತ್ತುವಷ್ಟರಲ್ಲಿ ಹೆಲ್ಮೆಟ್‌ಗೆ ಹೆಲ್ಮೆಟ್ ತಾಗಿರುತ್ತದೆ. ಕ್ಯಾಮೆರಾ ಆ ಹೊತ್ತಿಗೆ ಚೆಂಡಿನ ಹಿಂದೆ ಹೋಗಿರುತ್ತದೆ. ಒಂದು ಪಂದ್ಯದಲ್ಲಿ ಹೀಗೆ ಅರವತ್ತು ಸಲ, ವಾರದ ಅಭ್ಯಾಸದಲ್ಲಿ ಮತ್ತಷ್ಟು. ವೆಬ್‌ಸ್ಟರ್ ಇದನ್ನು 1974ರಿಂದ 1990ರವರೆಗೆ 17 ಸೀಸನ್ ಮಾಡಿದರು, ನಾಲ್ಕು ಸೂಪರ್ ಬೌಲ್ ಗೆದ್ದರು, ಹಾಲ್ ಆಫ್ ಫೇಮ್ ಸೇರಿದರು. ಆದರೆ ಆಟ ಬಿಟ್ಟ ಮೇಲೆ ನೆನಪು ಕೈಕೊಟ್ಟಿತು, ಸಂಸಾರ ಮುರಿಯಿತು, ತಮ್ಮ ಪಿಕಪ್ ಟ್ರಕ್ಕಿನಲ್ಲಿ ಮಲಗುವ ಸ್ಥಿತಿಗೆ ಬಂದರು. 2002ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 50 ವರ್ಷ.

ಶವಪರೀಕ್ಷೆ ಮಾಡಿದವರು ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು. ಮೇಲ್ನೋಟಕ್ಕೆ ಸರಿಯಾಗಿಯೇ ಇದ್ದ ಮೆದುಳನ್ನು ಅವರು ಪಟ್ಟು ಬಿಡದೆ ತೆಳುವಾಗಿ ಕೊಯ್ಯಿಸಿ, ಬಣ್ಣ ಹಾಕಿಸಿ ನೋಡಿದಾಗ ಟೌ ಎಂಬ ಪ್ರೋಟೀನು ಅಲ್ಲಲ್ಲಿ ಗಂಟುಗಟ್ಟಿತ್ತು. ಇದೇ ಈಗ ಎಲ್ಲರೂ ಸಿಟಿಇ ಎಂದು ಕರೆಯುವ ಕಾಯಿಲೆ. ಬಾಕ್ಸರ್‌ಗಳಲ್ಲಿ ಇಂಥದ್ದು ಇರುವುದು ಹಿಂದಿನಿಂದಲೂ ಗೊತ್ತಿತ್ತು. ಒಮಾಲು 2005ರಲ್ಲಿ ‘ನ್ಯೂರೋಸರ್ಜರಿ’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದಾಗ ಲೀಗ್‌ನ ತಲೆಪೆಟ್ಟಿನ ಸಮಿತಿಯ ವೈದ್ಯರು ಲೇಖನವನ್ನು ಹಿಂತೆಗೆಯಬೇಕೆಂದು ಪತ್ರ ಬರೆದರು. 1994ರಲ್ಲಿ ಆ ಸಮಿತಿ ಹುಟ್ಟಿದಾಗ ಅದರ ಅಧ್ಯಕ್ಷತೆ ಸಿಕ್ಕಿದ್ದು ಯಾರಿಗೆ ಗೊತ್ತೆ? ಎಲಿಯಟ್ ಪೆಲ್ಮನ್ ಎಂಬ ಕೀಲುವಾತದ ತಜ್ಞರಿಗೆ. ಇನ್ನೂ ಸೋಜಿಗದ ಸಂಗತಿ ಎಂದರೆ, ಲೀಗ್ ಮತ್ತು ಆಟಗಾರರ ಸಂಘದ ಪ್ರತಿನಿಧಿಗಳೇ ಕೂತಿದ್ದ ನಿವೃತ್ತಿ ಮಂಡಳಿ 1999ರಲ್ಲೇ ವೆಬ್‌ಸ್ಟರ್ ಅವರ ಅಂಗವೈಕಲ್ಯಕ್ಕೆ ಆಟದಲ್ಲಾದ ತಲೆಪೆಟ್ಟೇ ಕಾರಣವೆಂದು ಒಪ್ಪಿಕೊಂಡಿತ್ತು. ಪಿಂಚಣಿಯ ಕಡತದಲ್ಲಿ ಇದ್ದ ಕಾಯಿಲೆ ವೈದ್ಯರ ಸಮಿತಿಯ ಕೋಣೆಯಲ್ಲಿ ಮಾತ್ರ ಇರಲಿಲ್ಲ!

ವೆಬ್‌ಸ್ಟರ್ ಅವರ ಮೆದುಳನ್ನು ಹಾಳು ಮಾಡಿದ ಹೊಡೆತಗಳಲ್ಲಿ ಇಂದಿನ ನಿಯಮದಡಿ ಎಷ್ಟಕ್ಕೆ ಬಾವುಟ ಬೀಳುತ್ತಿತ್ತು? ಬಹುತೇಕ ಯಾವುದಕ್ಕೂ ಇಲ್ಲ. ಅದು ಅವರ ಕೆಲಸವಾಗಿತ್ತು, ಅಷ್ಟೆ.

ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ, ಮೆದುಳನ್ನಲ್ಲ. ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಗಿಟುಕು ಚಿಪ್ಪಿಗೆ ಬಡಿಯುವ ಸದ್ದು ಕೇಳುತ್ತದಲ್ಲ, ಹೊರಗೆ ಎಷ್ಟು ದಪ್ಪ ಸಿಪ್ಪೆಯಿದ್ದರೂ ಆ ಬಡಿತ ನಿಲ್ಲುವುದಿಲ್ಲ. ಓಡುತ್ತಿದ್ದ ದೇಹ ತಟಕ್ಕನೆ ನಿಂತಾಗ ಮೆದುಳು ಬುರುಡೆಯೊಳಗೆ ಹೀಗೇ ಚಲಿಸುತ್ತದೆ, ತಿರುಚಿಕೊಳ್ಳುತ್ತದೆ, ಅದರೊಳಗಿನ ಸೂಕ್ಷ್ಮ ನರತಂತುಗಳು ಎಳೆದಾಡಲ್ಪಡುತ್ತವೆ. ಜೋರಾಗಿ ಆದರೆ ಕಂಕಶನ್: ಕಣ್ಣು ಕತ್ತಲೆ, ತಲೆಸುತ್ತು, ವಾಂತಿ. ಸಣ್ಣದಾಗಿ ಆದರೆ ಏನೂ ತಿಳಿಯುವುದಿಲ್ಲ, ಆಟಗಾರ ಎದ್ದು ಮುಂದಿನ ಆಟಕ್ಕೆ ಬಗ್ಗಿ ನಿಲ್ಲುತ್ತಾನೆ. ತಂಟೆ ಇರುವುದು ಇಲ್ಲೇ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಹೋದ್ಯೋಗಿಗಳೂ 2023ರಲ್ಲಿ 631 ಆಟಗಾರರ ಮೆದುಳುಗಳನ್ನಿಟ್ಟುಕೊಂಡು ಪ್ರಕಟಿಸಿದ ಅಧ್ಯಯನದಲ್ಲಿ, ಯಾರಿಗೆ ಎಷ್ಟು ಕಂಕಶನ್ ಆಗಿತ್ತೆಂಬ ಲೆಕ್ಕ ಸಿಟಿಇಯನ್ನು ಊಹಿಸಲು ಉಪಯೋಗಕ್ಕೆ ಬರಲಿಲ್ಲ. ಉಪಯೋಗಕ್ಕೆ ಬಂದದ್ದು ವರ್ಷಾನುಗಟ್ಟಲೆ ತಲೆಗೆ ಬಿದ್ದ ಬಲದ ಒಟ್ಟು ಮೊತ್ತ.

ನಮಗೆ ಕಂಕಶನ್ ಎಂಬ ಮಾತು ರೂಢಿಯಾದದ್ದು ಕ್ರಿಕೆಟ್‌ನಿಂದ. 2025ರ ಜನವರಿಯಲ್ಲಿ ಪುಣೆಯ ಟಿ20 ಪಂದ್ಯದಲ್ಲಿ ಶಿವಂ ದುಬೆ ಅವರ ಹೆಲ್ಮೆಟ್‌ಗೆ ಚೆಂಡು ಬಡಿದು, ಬದಲಿಯಾಗಿ ಬಂದ ಹರ್ಷಿತ್ ರಾಣಾ ಮೂರು ವಿಕೆಟ್ ಕಿತ್ತಾಗ, ಒಪ್ಪಿಗೆ ಕೊಟ್ಟ ಮ್ಯಾಚ್ ರೆಫರಿ ನಮ್ಮ ಜಾವಗಲ್ ಶ್ರೀನಾಥ್ ಆದದ್ದರಿಂದ ಇಲ್ಲೂ ಚರ್ಚೆ ಕಾವೇರಿತ್ತು. ಆದರೆ ಕ್ರಿಕೆಟ್‌ನಲ್ಲಿ ತಲೆಗೆ ಬೀಳುವ ಪೆಟ್ಟು ಅಪಘಾತ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ವೆಬ್‌ಸ್ಟರ್ ಅವರಂಥ ಲೈನ್‌ಮನ್‌ಗೆ ಅದು ದಿನದ ಪಾಳಿ. ಅಪಘಾತಕ್ಕೆ ಬದಲಿ ಆಟಗಾರನ ನಿಯಮ ಸಾಕು, ಪಾಳಿಗೆ ಸಾಲದು.

ಲೀಗ್ ಮಾತ್ರ ಅಪಘಾತದ ಭಾಷೆಯನ್ನೇ ಮಾತಾಡುತ್ತ ಬಂದಿದೆ. 2010ರ ಅಕ್ಟೋಬರ್‌ನ ಒಂದೇ ಭಾನುವಾರ ಹಲವು ಘೋರ ಡಿಕ್ಕಿಗಳಾದವು. ಸ್ಟೀಲರ್ಸ್‌ನ ಜೇಮ್ಸ್ ಹ್ಯಾರಿಸನ್ ಅವರಿಗೆ 75,000 ಡಾಲರ್ ದಂಡ ಬಿತ್ತು, ಇನ್ನಿಬ್ಬರಿಗೆ ತಲಾ 50,000. ಅದೇ ಹ್ಯಾರಿಸನ್ ಡಿಕ್ಕಿಯ ಫೋಟೋ ಲೀಗ್‌ನ ವೆಬ್‌ಸೈಟ್‌ನಲ್ಲಿ ಮಾರಾಟಕ್ಕಿತ್ತು! ಛೀಮಾರಿ ಬಿದ್ದ ಮೇಲೆ ತೆಗೆದರು. ಮಾರಿದ್ದು ಕಂಪ್ಯೂಟರಿನ ತಪ್ಪೋ ಮನುಷ್ಯರ ತಪ್ಪೋ, ನನಗೆ ಅದು ಮುಖ್ಯವಲ್ಲ. ದಂಡವೂ ವ್ಯಾಪಾರವೂ ಒಂದೇ ಗಲ್ಲೆಯಿಂದ ನಡೆಯುತ್ತಿತ್ತೆಂಬುದು ಮುಖ್ಯ.

ಇನ್ನೊಂದು ಪ್ರಕರಣ ಇದಕ್ಕಿಂತ ಕಣ್ಣು ತೆರೆಸುವಂಥದ್ದು. 2022ರ ಸೆಪ್ಟೆಂಬರ್ 25, ಭಾನುವಾರ. ಮಯಾಮಿ ಡಾಲ್ಫಿನ್ಸ್‌ನಲ್ಲಿ ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಟುವಾ ಟಗೊವೈಲೋವಾ ತಳ್ಳಿಸಿಕೊಂಡು ಹಿಂದಕ್ಕೆ ಬಿದ್ದರು, ತಲೆ ನೆಲಕ್ಕೆ ಬಡಿಯಿತು. ಎದ್ದು ತಲೆ ಕೊಡವಿದರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮೊಣಕಾಲು ಕುಸಿದು, ಜೊತೆಯವರು ಹಿಡಿದುಕೊಳ್ಳಬೇಕಾಯಿತು. ಲಕ್ಷಾಂತರ ಜನ ನೋಡಿದರು. ಮಧ್ಯಂತರದ ನಂತರ ಅವರು ಮತ್ತೆ ಮೈದಾನದಲ್ಲಿ ಹಾಜರ್. ಬೆನ್ನುನೋವಿನಿಂದ ತತ್ತರಿಸಿದ್ದು ಎಂಬ ವಿವರಣೆ ಬಂತು, ವೈದ್ಯರೂ ಅದನ್ನು ಒಪ್ಪಿದ್ದರು. ನಾಲ್ಕೇ ದಿನಕ್ಕೆ, ಗುರುವಾರ ರಾತ್ರಿ, ಸಿನ್ಸಿನಾಟಿಯಲ್ಲಿ ಇನ್ನೊಂದು ಪಂದ್ಯ. ಮತ್ತೆ ನೆಲಕ್ಕೆ ಅಪ್ಪಳಿಸಿದರು. ಈ ಸಲ ಬಿದ್ದಲ್ಲೇ ಕೈಗಳು ಮುಖದ ಮುಂದೆ ಸೆಟೆದುಕೊಂಡವು, ಬೆರಳುಗಳು ಒಂದೊಂದು ದಿಕ್ಕಿಗೆ ವಕ್ರವಾಗಿ ನಿಂತವು. ಮೆದುಳಿಗೆ ಪೆಟ್ಟಾದಾಗ ದೇಹ ತೋರುವ ಲಕ್ಷಣ ಅದು. ಸ್ಟ್ರೆಚರ್ ಮೇಲೆ ಹೊತ್ತೊಯ್ದರು.

ಲೀಗ್ ಮತ್ತು ಆಟಗಾರರ ಸಂಘ ಜಂಟಿ ತನಿಖೆ ನಡೆಸಿದವು. ಭಾನುವಾರ ನಿಯಮಾವಳಿಯನ್ನು ಪಾಲಿಸಲಾಗಿತ್ತು, ಆದರೆ ಫಲಿತಾಂಶ ಅದರ ಉದ್ದೇಶಕ್ಕೆ ತಕ್ಕಂತೆ ಇರಲಿಲ್ಲ ಎಂಬ ತೀರ್ಮಾನ ಹೊರಬಿತ್ತು. ನಮ್ಮ ತಾಲ್ಲೂಕು ಕಚೇರಿಯವರೂ ಇದಕ್ಕಿಂತ ಚೆನ್ನಾಗಿ ಬರೆಯಲಾರರು. ಭಾನುವಾರ ಟುವಾ ಅವರನ್ನು ಪರೀಕ್ಷಿಸಿದ್ದ ಸ್ವತಂತ್ರ ನರತಜ್ಞರನ್ನು ಸಂಘ ತೆಗೆದುಹಾಕಿತು. ನಡಿಗೆ ತಪ್ಪಿದವನನ್ನು ಆ ದಿನ ಮತ್ತೆ ಆಡಿಸುವಂತಿಲ್ಲವೆಂಬ ತಿದ್ದುಪಡಿ ಬಂತು. ಒಳ್ಳೆಯದೇ. ಸಿನ್ಸಿನಾಟಿ ಪಂದ್ಯದ ಮುಂದಿನ ವಾರ ಇನ್ನೊಂದು ತಮಾಷೆ ನಡೆಯಿತು: ಅಟ್ಲಾಂಟಾದ ಗ್ರೇಡಿ ಜ್ಯಾರೆಟ್, ಖ್ಯಾತ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯವರನ್ನು ಯಾರೂ ತಪ್ಪು ಹೇಳಲಾಗದಂತೆ ನೆಲಕ್ಕುರುಳಿಸಿದ್ದಕ್ಕೂ ಬಾವುಟ ಬಿತ್ತು. ಟುವಾ ಪ್ರಕರಣದ ಬಿಸಿ ರೆಫರಿಗಳಿಗೆ ತಟ್ಟಿದೆ ಎಂದು ಅಭಿಮಾನಿಗಳು ಆಡಿಕೊಂಡರು.

ಆದರೆ ಸಿನ್ಸಿನಾಟಿಯಲ್ಲಿ ಟುವಾ ಅವರನ್ನು ಕೆಡವಿದ್ದು ನಿಯಮಬದ್ಧ ಟ್ಯಾಕಲ್. ಅದೇ ವರ್ಷ ಕ್ರಿಸ್‌ಮಸ್ ದಿನ ಮತ್ತೆ ಕಂಕಶನ್ ಆದದ್ದು ಮಾಮೂಲಿ ಟ್ಯಾಕಲ್‌ನಲ್ಲಿ ತಲೆಯ ಹಿಂಭಾಗ ನೆಲಕ್ಕೆ ತಾಗಿ. 2024ರ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಆದದ್ದು ಅವರೇ ಚೆಂಡು ಹಿಡಿದು ಓಡಿ ಬಫಲೋದ ಡಮಾರ್ ಹ್ಯಾಮ್ಲಿನ್ ಅವರಿಗೆ ಡಿಕ್ಕಿಯಾದಾಗ. ದಂಡ ಹಾಕುತ್ತೇವೆಂದರೆ ಯಾರಿಗೆ ಹಾಕುವುದು? ಭಾನುವಾರ ಆಡಿದವರನ್ನು ಗುರುವಾರ ಮತ್ತೆ ಮೈದಾನಕ್ಕಿಳಿಸುವ ವೇಳಾಪಟ್ಟಿಗೆ ದಂಡ ಹಾಕುವ ಅಧಿಕಾರ ಯಾವ ರೆಫರಿಗೂ ಇಲ್ಲ.

ಲೀಗ್ ಏನೂ ಮಾಡಿಲ್ಲವೆಂದರೆ ಸುಳ್ಳಾಗುತ್ತದೆ. 2017ರಲ್ಲಿ 281 ಇದ್ದ ಕಂಕಶನ್‌ಗಳ ಸಂಖ್ಯೆ 2024ರಲ್ಲಿ 182ಕ್ಕೆ ಇಳಿದಿದೆ. ದೂರದಿಂದ ಓಡಿಬಂದು ಗುದ್ದಿಕೊಳ್ಳುತ್ತಿದ್ದ ಕಿಕಾಫ್‌ನ ಸ್ವರೂಪ ಬದಲಾಗಿದೆ, ಅಭ್ಯಾಸದಲ್ಲಿ ಹೆಲ್ಮೆಟ್ ಮೇಲೆ ಮೆತ್ತನೆಯ ಟೊಪ್ಪಿಗೆ ಬಂದಿದೆ. ಅಂದಹಾಗೆ, ನಿವೃತ್ತರ 111 ಮೆದುಳುಗಳಲ್ಲಿ 110ರಲ್ಲಿ ಸಿಟಿಇ ಇತ್ತೆಂಬ 2017ರ ಪ್ರಸಿದ್ಧ ಲೆಕ್ಕವನ್ನು ಹಿಡಿದು ಎಲ್ಲ ಆಟಗಾರರಿಗೂ ಅದು ಖಾತ್ರಿ ಎನ್ನುವವರೂ ಆತುರಗಾರರೇ. ಮನೆಯವರಿಗೆ ಅನುಮಾನ ಬಂದ ಮೇಲೆ ದಾನವಾಗಿ ಬಂದ ಮೆದುಳುಗಳವು. ಇಷ್ಟನ್ನು ಒಪ್ಪಿಕೊಂಡ ಮೇಲೂ, 182 ಎಂಬುದು ಲಕ್ಷಣ ತೋರಿದ, ವೈದ್ಯರು ಗುರುತಿಸಿದ ಪೆಟ್ಟುಗಳ ಲೆಕ್ಕ. ಲಕ್ಷಣವೇ ತೋರದ ಪೆಟ್ಟುಗಳು ಈ ಖಾತೆಗೆ ಸೇರುವುದೇ ಇಲ್ಲ.

ಕೋಟ್ಯಂತರ ಡಾಲರ್ ಎಣಿಸಿಕೊಂಡು, ಗೊತ್ತಿದ್ದೇ ಆಡುತ್ತಾರೆ, ನಿಮಗೇನು ಹೊಟ್ಟೆನೋವು ಎಂದು ಕೇಳುವವರಿದ್ದಾರೆ. ಗೊತ್ತಾಗಿದ್ದು ಯಾವಾಗ? ಲೀಗ್‌ನ ಹಿರಿಯ ಅಧಿಕಾರಿಯೊಬ್ಬರು ಫುಟ್‌ಬಾಲ್‌ಗೂ ಸಿಟಿಇಗೂ ಸಂಬಂಧವಿದೆಯೆಂದು ಅಮೆರಿಕದ ಸಂಸದರ ಮುಂದೆ ಬಾಯಿಬಿಟ್ಟು ಒಪ್ಪಿದ್ದು 2016ರ ಮಾರ್ಚ್‌ನಲ್ಲಿ. ವೆಬ್‌ಸ್ಟರ್ ತೀರಿಕೊಂಡು ಆಗಲೇ ಹದಿಮೂರು ವರ್ಷ ದಾಟಿತ್ತು. ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕ್ರಿಸ್ ಬೋರ್ಲ್ಯಾಂಡ್ ಒಂದೇ ಸೀಸನ್ ಆಡಿ, ಓದಿ ತಿಳಿದುಕೊಂಡು, 2015ರಲ್ಲಿ 24ನೇ ವಯಸ್ಸಿಗೆ ಕೈಮುಗಿದು ಹೊರಟರು. ಅಂಥವರು ಬೆರಳೆಣಿಕೆಯಷ್ಟು. ಉಳಿದವರ ಹಿಂದೆ ಅವರ ದುಡಿಮೆಯನ್ನೇ ನಂಬಿದ ಮನೆಗಳಿವೆ.

ಹೋಗಲಿ, ದುಡ್ಡಿನ ವಿಷಯದಲ್ಲಾದರೂ ನ್ಯಾಯವಾಗಿ ನಡೆದುಕೊಂಡರೇ? ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಾಜಿ ಆಟಗಾರರು ಕೋರ್ಟಿಗೆ ಹೋದ ಮೇಲೆ 2013ರಲ್ಲಿ 76.5 ಕೋಟಿ ಡಾಲರ್‌ಗೆ ರಾಜಿ ಕುದುರಿತು, ತಪ್ಪೊಪ್ಪಿಗೆ ಇಲ್ಲದೆ. ಈ ಮೊತ್ತ ಸಾಲದೆ ಹೋಗಬಹುದೆಂದು ನ್ಯಾಯಾಧೀಶೆ ಅನಿತಾ ಬ್ರೋಡಿ ಒಪ್ಪಿಗೆ ನಿರಾಕರಿಸಿದ್ದರಿಂದ ಪರಿಹಾರದ ಮಿತಿ ತೆಗೆಯಬೇಕಾಯಿತು. ಸಿಟಿಇಯನ್ನು ಖಚಿತವಾಗಿ ಹೇಳಲು ಸಾಧ್ಯವಿರುವುದು ಸತ್ತ ಮೇಲೆ ಮಾತ್ರ. ಸಿಟಿಇಯಿಂದಾದ ಸಾವಿಗೆಂದು ಇಟ್ಟ ಪರಿಹಾರವಾದರೋ 2015ರ ಏಪ್ರಿಲ್‌ಗೆ ಮೊದಲು ಸತ್ತವರಿಗೆ ಮಾತ್ರ! ಬದುಕಿದ್ದವರು ಮರೆವಿನ ಕಾಯಿಲೆಯಂಥದ್ದನ್ನು ಸಾಬೀತು ಮಾಡಬೇಕು. ಅದರಲ್ಲೂ ಕಪ್ಪು ಆಟಗಾರರ ಬುದ್ಧಿಯ ಮಟ್ಟ ಮೊದಲಿನಿಂದಲೂ ಕಡಿಮೆ ಇತ್ತೆಂದು ಭಾವಿಸಿ ಅಂಕ ಹೊಂದಿಸುವ ಪದ್ಧತಿ ನಡೆಯುತ್ತಿತ್ತು. ಮೊದಲೇ ಕಡಿಮೆ ಇದ್ದರೆ ಕಳೆದುಕೊಂಡದ್ದೂ ಕಡಿಮೆ, ಪರಿಹಾರವೂ ಇಲ್ಲ ಎಂಬ ಗಣಿತ. ಆಟಗಾರರಲ್ಲಿ ಹೆಚ್ಚಿನವರು ಕಪ್ಪು ಜನರೇ ಇರುವ ಆಟದಲ್ಲಿ ಇದು! ಕೆವಿನ್ ಹೆನ್ರಿ ಮತ್ತು ನಾಜೆ ಡೆವನ್‌ಪೋರ್ಟ್ 2020ರಲ್ಲಿ ದಾವೆ ಹೂಡಿ ಬಯಲಿಗೆಳೆದ ಮೇಲೆ, ಮರುವರ್ಷ ಲೀಗ್ ಇದನ್ನು ಕೈಬಿಡುವುದಾಗಿ ಹೇಳಿತು.

ಪೆಟ್ಟು ಕಡಿಮೆ ಮಾಡುವ ದಾರಿ ಯಾರಿಗೂ ತಿಳಿಯದ್ದೇನಲ್ಲ. ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡ್ಡಿ ಟೀವನ್ಸ್ 2010ರಲ್ಲೇ ಅಭ್ಯಾಸದಲ್ಲಿ ಹುಡುಗರು ಒಬ್ಬರನ್ನೊಬ್ಬರು ಕೆಡವುವುದನ್ನು ನಿಲ್ಲಿಸಿದರು. ಕೆಡವಲು ಬೊಂಬೆಗಳಿದ್ದವು, ಆಮೇಲೆ ಅಲ್ಲಿನ ಎಂಜಿನಿಯರಿಂಗ್ ವಿಭಾಗದವರು ಮೈದಾನದಲ್ಲಿ ಓಡಾಡುವ ಯಂತ್ರಬೊಂಬೆಯನ್ನೇ ಮಾಡಿಕೊಟ್ಟರು. ತಂಡ ಮುಳುಗಿಹೋಗಲಿಲ್ಲ, 2015ರಲ್ಲಿ ಐವಿ ಲೀಗ್ ಪ್ರಶಸ್ತಿಯನ್ನು ಹಂಚಿಕೊಂಡಿತು. ಮರುವರ್ಷ ಆ ಲೀಗ್‌ನ ಕೋಚ್‌ಗಳೆಲ್ಲ ಸೇರಿ ಸೀಸನ್ನಿನ ಅಭ್ಯಾಸದಲ್ಲಿ ಪೂರ್ಣ ಟ್ಯಾಕಲ್ ಬೇಡವೆಂದು ನಿರ್ಧರಿಸಿದರು. ಎನ್‌ಎಫ್‌ಎಲ್ ಪೂರ್ಣ ಕವಚದ ಅಭ್ಯಾಸವನ್ನು ಸೀಸನ್ನಿಗೆ 14ಕ್ಕೆ ಮಿತಿಗೊಳಿಸಿದ್ದು 2011ರ ಒಪ್ಪಂದದಲ್ಲಿ. ಅದೂ ಆಟಗಾರರ ಸಂಘ ಚೌಕಾಸಿ ಮಾಡಿ ಪಡೆದದ್ದು, ಮಾಲೀಕರು ಕನಿಕರಪಟ್ಟು ಕೊಟ್ಟದ್ದಲ್ಲ.

ಅಭ್ಯಾಸದಲ್ಲಿ ಉಳಿಸಿದ್ದನ್ನು ಪಂದ್ಯದಲ್ಲಿ ವಸೂಲಿ ಮಾಡುತ್ತಿದ್ದಾರೆ. 16 ಇದ್ದ ಪಂದ್ಯಗಳು 2021ರಿಂದ 17 ಆದವು. ಅದಕ್ಕೆ ದಾರಿ ಮಾಡಿಕೊಟ್ಟ 2020ರ ಒಪ್ಪಂದ ಆಟಗಾರರ ಮತದಾನದಲ್ಲಿ ಗೆದ್ದದ್ದು 1,019ಕ್ಕೆ 959ರಿಂದ, ಬರೀ 60 ಮತಗಳ ಅಂತರದಲ್ಲಿ. ಈಗ ಕಮಿಷನರ್ ರೋಜರ್ ಗುಡೆಲ್ 18ರ ಮಾತೆತ್ತಿದ್ದಾರೆ, ಬದಲಿಗೆ ಸೀಸನ್ ಪೂರ್ವದ ಪಂದ್ಯವೊಂದನ್ನು ಬಿಡಬಹುದಂತೆ. ಆ ಪೂರ್ವಪಂದ್ಯಗಳಲ್ಲಿ ನುರಿತ ಆಟಗಾರರು ಬಹುಪಾಲು ಬೆಂಚಿನ ಮೇಲೇ ಇರುತ್ತಾರೆ. ಬೆಂಚಿನ ಮೇಲಿನ ಒಂದು ಸಂಜೆಯನ್ನು ಕಸಿದು ಅರವತ್ತು ಡಿಕ್ಕಿಯ ಒಂದು ಮಧ್ಯಾಹ್ನವನ್ನು ಕೊಡುವುದನ್ನು ವಿನಿಮಯ ಎಂದು ಕರೆಯುವುದಕ್ಕೆ ವಕೀಲರೇ ಬೇಕು.

ಆಟಗಾರರ ಸಂಘ ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಈಗಿನ ಒಪ್ಪಂದ 2030ರ ಸೀಸನ್‌ವರೆಗೆ ಇದೆ. 18ನೇ ಪಂದ್ಯ ಬೇಕೆಂದರೆ ಮಾಲೀಕರು ಸಂಘದ ಬಾಗಿಲಿಗೇ ಬರಬೇಕು. ಬಂದಾಗ ಸಂಬಳದ ಶೇಕಡಾವಾರಿನ ಬಗ್ಗೆ ಎಳೆದಾಡಿ ಸಹಿ ಹಾಕಿದರೆ 2020ರ ತಪ್ಪೇ ಮರುಕಳಿಸುತ್ತದೆ. ಪಂದ್ಯಗಳು 16ಕ್ಕೆ ಇಳಿಯಲಿ, ಸೀಸನ್ನಿನ ಅಭ್ಯಾಸದಲ್ಲಿ ಟ್ಯಾಕಲ್ ಪೂರ್ತಿ ನಿಲ್ಲಲಿ, ಭಾನುವಾರ ಆಡಿದ ತಂಡಕ್ಕೆ ಗುರುವಾರದ ಪಂದ್ಯ ಬೇಡ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಆಟಗಾರನಿಗೆ ಹಾಕುವ ದಂಡದಂತೆಯೇ, ತಲೆಪೆಟ್ಟು ಬಿದ್ದವನನ್ನು ಮತ್ತೆ ಆಡಿಸಿದ ತಂಡದ ಮಾಲೀಕನ ಆದಾಯಕ್ಕೂ ಕತ್ತರಿ ಬೀಳಬೇಕು.

ಟೆಕ್ಸಸ್ಸಿನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿ ಮಕ್ಕಳನ್ನು ಶಾಲೆಯ ಫುಟ್‌ಬಾಲ್ ತಂಡಕ್ಕೆ ಸೇರಿಸುವ ಕನ್ನಡದ ಮನೆಗಳಿಗೂ ಒಂದು ಮಾತು. ಆಡಿದ ಒಂದೊಂದು ವರ್ಷವೂ ಸಿಟಿಇಯ ಸಾಧ್ಯತೆಯನ್ನು ಸುಮಾರು ಶೇ 30ರಷ್ಟು ಏರಿಸುತ್ತದೆಂದು ಬಾಸ್ಟನ್ ಸಂಶೋಧಕರು 2019ರಲ್ಲೇ ಹೇಳಿದ್ದಾರೆ. ಎಂಟನೇ ವಯಸ್ಸಿಗೆ ಶುರು ಮಾಡಿದ ಹುಡುಗನ ಲೆಕ್ಕ ಎಂಟನೇ ವಯಸ್ಸಿನಿಂದಲೇ ಶುರುವಾಗುತ್ತದೆ. ಕೆಡವುವುದೇ ಇಲ್ಲದ, ಸೊಂಟದ ಪಟ್ಟಿ ಕಿತ್ತರೆ ಆಟ ನಿಲ್ಲುವ ಫ್ಲ್ಯಾಗ್ ಫುಟ್‌ಬಾಲ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿದೆ. ಅದನ್ನು ಊರೂರಿಗೆ ಹಬ್ಬಿಸಲು ಮುಂದೆ ನಿಂತಿರುವುದು ಇದೇ ಎನ್‌ಎಫ್‌ಎಲ್. ಮಕ್ಕಳಿಗೆ ಅದು ಸಾಕೆಂದು ಲೀಗ್‌ಗೇ ಅನಿಸಿರುವಾಗ, ಹೈಸ್ಕೂಲು ಮುಟ್ಟುವವರೆಗೆ ಟ್ಯಾಕಲ್ ಬೇಡವೆಂದು ಶಾಲೆಯ ಕೋಚ್‌ಗೆ ಹೇಳಲು ಅಪ್ಪ ಅಮ್ಮಂದಿರು ಸಂಕೋಚಪಡಬೇಕಿಲ್ಲ.