ಕೇಳುವ ಕಡತ, ಕಾಪಿಡುವ ಕಡತ

ಕಳೆದ ತಿಂಗಳು ಮೂರು ಗಂಟೆಯ ಕಛೇರಿಯೊಂದನ್ನು ಮೊಬೈಲಿನಲ್ಲಿ ಕೇಳಿ ಮುಗಿಸುವಷ್ಟರಲ್ಲಿ ಆ ದಿನದ ನನ್ನ ಒಂದೂವರೆ ಜಿಬಿ ಡೇಟಾ ಬಹುಮಟ್ಟಿಗೆ ಖಾಲಿಯಾಗಿತ್ತು. ತಪ್ಪು ನನ್ನದೇ. ಧ್ವನಿಯ ಗುಣಮಟ್ಟವನ್ನು 'ಲಾಸ್‌ಲೆಸ್' ಎಂಬ ಅತ್ಯುನ್ನತ ದರ್ಜೆಗೆ ಏರಿಸಿಟ್ಟಿದ್ದೆ. ಕಿವಿಯಲ್ಲಿದ್ದದ್ದು ಬ್ಲೂಟೂತ್ ಇಯರ್‌ಫೋನ್. ಸಾಮಾನ್ಯ ಬ್ಲೂಟೂತ್ ಬಂದ ಧ್ವನಿಯನ್ನು ಮತ್ತೊಮ್ಮೆ ಕುಗ್ಗಿಸಿಯೇ ಕಿವಿಗೆ ತಲುಪಿಸುತ್ತದೆ. ಬಿಂದಿಗೆ ತುಂಬ ತಂದ ನೀರನ್ನು ಹೊಸ್ತಿಲಲ್ಲಿ ಚೆಲ್ಲಿ, ಚೊಂಬಿನಷ್ಟನ್ನು ಒಳಗೊಯ್ದಂತೆ. ಅರ್ಥಶಾಸ್ತ್ರ ಓದಿದವನಿಗೆ ಇದು ಶೋಭಿಸುವ ವ್ಯವಹಾರವಲ್ಲ.

ಲೆಕ್ಕ ಸರಳವಾದದ್ದು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಎರಡು ವಾಹಿನಿಗಳಲ್ಲಿ ದಾಖಲಿಸುತ್ತಾರೆ. ಸೆಕೆಂಡಿಗೆ 1,411 ಕಿಲೊಬಿಟ್, ಗಂಟೆಗೆ ಸುಮಾರು 635 ಎಂಬಿ. ಲಾಸ್‌ಲೆಸ್ ವಿಧಾನ ಯಾವುದನ್ನೂ ಕಳೆಯದೆ ಇದನ್ನು ಒಂದಿಷ್ಟು ಮಡಚಿಡುತ್ತದೆ, ಅಷ್ಟೆ. ಆದರೆ 320 ಕಿಲೊಬಿಟ್‌ನ ಸಂಕುಚಿತ ಕಡತಕ್ಕೆ ಗಂಟೆಗೆ 144 ಎಂಬಿ ಸಾಕು, 160ಕ್ಕಾದರೆ 72. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಸಂಶೋಧಕರು ಎಂಪಿ3 ರೂಪಿಸುವಾಗ ಬಳಸಿಕೊಂಡದ್ದು ಕಿವಿಯ ದೌರ್ಬಲ್ಯವನ್ನೇ: ಜೋರಾದ ಸ್ವರದ ಪಕ್ಕದಲ್ಲಿರುವ ಮೆಲುಸ್ವರ ನಮಗೆ ಕೇಳಿಸುವುದಿಲ್ಲ, ಕೇಳಿಸದಿದ್ದುದನ್ನು ಬಿಟ್ಟರೆ ನಷ್ಟವೇನು?

ಕೇಳುಗನ ಮಟ್ಟಿಗೆ ಈ ವಾದವನ್ನು ಒಪ್ಪುತ್ತೇನೆ. ಎಪ್ಪತ್ತರ ದಶಕದಲ್ಲಿ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ನಾವು ಕೇಳುತ್ತಿದ್ದುದು ಮಧ್ಯಮ ತರಂಗದ ರೇಡಿಯೋದಲ್ಲಿ. ತಂಬೂರಿಯ ಮೇಲಿನ ಅನುರಣನಗಳಲ್ಲಿ ಬಹುಪಾಲು ಅದರಲ್ಲಿ ಹಾದು ಬರುತ್ತಲೇ ಇರಲಿಲ್ಲ. ಆ ರಾತ್ರಿಗಳ ತೋಡಿ ನನಗೆ ಇಂದಿಗೂ ಕಡಿಮೆಯೆನಿಸಿಲ್ಲ. ಆಪಲ್ ಮ್ಯೂಸಿಕ್ 2021ರಲ್ಲಿ, ಸ್ಪಾಟಿಫೈ 2025ರಲ್ಲಿ ಲಾಸ್‌ಲೆಸ್ ಸೇವೆ ಆರಂಭಿಸಿವೆ. ಒಳ್ಳೆಯ ಸ್ಪೀಕರು, ತಂತಿಯ ಸಂಪರ್ಕ, ಮೌನವಾದ ಕೋಣೆ ಉಳ್ಳವರು ಧಾರಾಳವಾಗಿ ಬಳಸಲಿ. ಬಸ್ಸಿನಲ್ಲಿ ಕೇಳುವವರಿಗೆ 160 ಧಾರಾಳವಾಯಿತು.

ಆದರೆ ಈ ಸಂಸ್ಥೆಗಳು ಒಂದು ಎಚ್ಚರ ವಹಿಸುತ್ತವೆ. ಧ್ವನಿಮುದ್ರಕರಿಂದ ಪೂರ್ಣ ಕಡತವನ್ನೇ ಪಡೆದು, ಅದರಿಂದ ನಮಗೆ ಚಿಕ್ಕ ಪ್ರತಿಗಳನ್ನು ತೆಗೆದುಕೊಡುತ್ತವೆ. ನಮ್ಮ ಮನೆಗಳಲ್ಲಿ, ಸಂಗೀತ ಸಭೆಗಳಲ್ಲಿ ನಡೆಯುತ್ತಿರುವುದು ಇದರ ತದ್ವಿರುದ್ಧ. ರಾಮನವಮಿಯ ಚಪ್ಪರಗಳಲ್ಲಿ ಯಾರೋ ಶ್ರದ್ಧೆಯಿಂದ ಮುದ್ರಿಸಿಕೊಂಡ ಸ್ಪೂಲು, ಕ್ಯಾಸೆಟ್ಟುಗಳನ್ನು 128 ಕಿಲೊಬಿಟ್‌ನ ಎಂಪಿ3 ಮಾಡಿ, 'ಡಿಜಿಟಲ್ ಆಯಿತು' ಎಂದು ಮೂಲವನ್ನು ರದ್ದಿಗೆ ಹಾಕುವುದನ್ನು ಕಂಡಿದ್ದೇನೆ. ಆ ಕಡತ ಅಂತರಜಾಲಕ್ಕೆ ಏರಿದಾಗ ಅಲ್ಲಿ ಇನ್ನೊಮ್ಮೆ ಸಂಕುಚಿತವಾಗುತ್ತದೆ. ಪ್ರತಿಯ ಪ್ರತಿಯಲ್ಲಿ ಮೊದಲು ಮಂಕಾಗುವುದು ಮೃದಂಗದ ಚಾಪಿನ ಚೂಪು, ತಂಬೂರಿಯ ಜೀವಾಳ. ಹಳೆಯ ಟೇಪಿನ ಗೊರಗೊರವನ್ನು ಶುದ್ಧಗೊಳಿಸುವ ಇಂದಿನ ತಂತ್ರಾಂಶಗಳಿಗೂ ಹೆಚ್ಚು ಬೇಕಾದದ್ದು ಎಂಪಿ3 'ಕೇಳಿಸದು' ಎಂದು ಎಸೆದ ಅಂಶಗಳೇ.

ಸರ್ಕಾರಿ ಸೇವೆಯಲ್ಲಿ ಕಡತಗಳ ವಿಲೇವಾರಿಯನ್ನು ಹತ್ತಿರದಿಂದ ಬಲ್ಲೆ. ನಿರುಪಯುಕ್ತವೆಂದು ನಾಶಪಡಿಸಿದ ಕಡತವನ್ನೇ ಮರುವರ್ಷ ನ್ಯಾಯಾಲಯ ಕೇಳಿದ ಪ್ರಸಂಗ ನನ್ನ ಅನುಭವದಲ್ಲಿದೆ. ಆಗ ಜಾಗದ ಅಭಾವವೆಂಬ ನೆಪವಾದರೂ ಇತ್ತು. ಈಗ ಒಂದು ಟೆರಾಬೈಟ್ ಡಿಸ್ಕಿನಲ್ಲಿ ಸಿ.ಡಿ. ಗುಣಮಟ್ಟದ ಒಂದೂವರೆ ಸಾವಿರ ಗಂಟೆ ಸಂಗೀತ ಮಡಚದೆಯೇ ಹಿಡಿಯುತ್ತದೆ. ಒಂದು ಕಛೇರಿಯ ವೇದಿಕೆ ಅಲಂಕಾರದ ಖರ್ಚಿಗೂ ಸಾಟಿಯಾಗದ ಮೊತ್ತದಲ್ಲಿ ಸಭೆಯೊಂದರ ಹಲವು ದಶಕಗಳ ಸಂಗೀತ ಉಳಿಯಬಹುದು.

ಅನುದಾನ ಕೊಡುವ ಇಲಾಖೆಗಳು ಒಂದು ಷರತ್ತನ್ನು ಸೇರಿಸಬಹುದು: ಡಿಜಿಟಲೀಕರಣವೆಂದರೆ ಮೊದಲು ಪೂರ್ಣ ಕಡತ, ಆನಂತರ ಹಂಚಿಕೆಯ ಪ್ರತಿ, ಪೂರ್ಣ ಕಡತದ ಎರಡು ನಕಲು ಎರಡು ಊರುಗಳಲ್ಲಿ. ತಡಮಾಡುವಂತಿಲ್ಲ. ಟೇಪಿನ ಲೇಪ ಉದುರುತ್ತಿದೆ, ಸ್ಪೂಲ್ ಯಂತ್ರವನ್ನು ದುರಸ್ತಿ ಮಾಡಬಲ್ಲವರು ನನಗಿಂತ ಹಿರಿಯರು.