ಮರಳಿ ಬಂದ ರೀಲು: ಕ್ಯಾಮೆರಾ ಇದೆ, ಫಿಲ್ಮ್ ಉಳಿದೀತೇ?

ಒಂದು ರೀಲಿಗೆ 36 ಚಿತ್ರ. ತೆಗೆದ ಚಿತ್ರ ಹೇಗೆ ಬಂದಿದೆಯೆಂದು ತಿಳಿಯಬೇಕಾದರೆ ರೀಲು ಮುಗಿಯಬೇಕು, ಸ್ಟುಡಿಯೋಗೆ ಕೊಟ್ಟು ತೊಳೆಸಬೇಕು, ಅಲ್ಲಿಯವರೆಗೆ ಕಾಯಬೇಕು. ಡಿಜಿಟಲ್ ಕ್ಯಾಮೆರಾ ಹಾಗೂ ಮೊಬೈಲ್ ಫೋನುಗಳ ಆಗಮನದೊಂದಿಗೆ ಮುಗಿದೇಹೋಯಿತೆಂದು ಭಾವಿಸಲಾಗಿದ್ದ ಈ ಪದ್ಧತಿ ಈಗ ಮತ್ತೆ ಜೀವ ಪಡೆದಿದೆ. ಅದಕ್ಕೆ ಜೀವ ಕೊಟ್ಟವರಲ್ಲಿ ಅದನ್ನು ಬಳಸಿ ಬಲ್ಲ ಹಿರಿಯರಿಗಿಂತ ಮೊಬೈಲ್ ಹಿಡಿದೇ ಬೆಳೆದ ಯುವಜನರು ಹೆಚ್ಚು ಎಂಬುದು ಗಮನಾರ್ಹ. ಅಜ್ಜನ ಬೀರುವಿನಲ್ಲಿ ಮಲಗಿದ್ದ ಯಾಶಿಕಾ, ಭಾರತದಲ್ಲೇ ತಯಾರಾಗಿದ್ದ ಆಗ್ಫಾ ಕ್ಲಿಕ್-3 ಮುಂತಾದ ಕ್ಯಾಮೆರಾಗಳು ಧೂಳು ಕೊಡವಿಕೊಂಡು ಹೊರಬರುತ್ತಿವೆ.

ಇದನ್ನು ಕೇವಲ ಹಳತಿನ ಮೋಹವೆಂದು ತಳ್ಳಿಹಾಕುವುದು ಸುಲಭ. ಆದರೆ ಲೆಕ್ಕವಿಲ್ಲದಷ್ಟು ಚಿತ್ರ ತೆಗೆದು ಒಂದನ್ನೂ ಮತ್ತೆ ನೋಡದ ಕಾಲದಲ್ಲಿ, ಮೂವತ್ತಾರೇ ಅವಕಾಶಗಳಿವೆ ಎಂಬ ಮಿತಿಯೇ ಹಲವರನ್ನು ಸೆಳೆದಿದೆ. ಆದ್ದರಿಂದ ಆಸಕ್ತಿ ನಿಜವಾದುದೇ ಎಂಬ ಪ್ರಶ್ನೆಗಿಂತ, ಆ ಆಸಕ್ತಿಯನ್ನು ಪೂರೈಸುವ ವ್ಯವಸ್ಥೆ ಎಷ್ಟು ದಿನ ಉಳಿಯುತ್ತದೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಕುಸಿತ ಮತ್ತು ಚೇತರಿಕೆ

ಫಿಲ್ಮಿನ ಕುಸಿತ ತೀವ್ರವಾಗಿತ್ತು. ಕೊಡಾಕ್ ಸಂಸ್ಥೆ ತನ್ನ ಹೆಸರುವಾಸಿ ಕೊಡಾಕ್ರೋಮ್ ಫಿಲ್ಮನ್ನು 2009ರಲ್ಲಿ ಕೈಬಿಟ್ಟಿತು. 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ಅಮೆರಿಕದ ನ್ಯಾಯಾಲಯದ ಮೊರೆಹೊಕ್ಕಿತು. ಅದೇ ವರ್ಷ ಎಕ್ಟಾಕ್ರೋಮ್ ಕೂಡ ನಿಂತಿತು. ಕ್ಯಾಮೆರಾ ತಯಾರಕರೂ ಹಿಂದೆ ಸರಿದರು. ನಿಕಾನ್ ತನ್ನ ಎಫ್6 ಮಾದರಿಯನ್ನು 2020ರಲ್ಲಿ ನಿಲ್ಲಿಸಿತು.

ಆದರೆ ಗಾಳಿ ಅದಾಗಲೇ ದಿಕ್ಕು ಬದಲಿಸಿತ್ತು. ಎಕ್ಟಾಕ್ರೋಮ್ 2018ರಲ್ಲಿ ಮರಳಿತು. ಫ್ಯೂಜಿಫಿಲ್ಮ್ 2018ರಲ್ಲಿ ನಿಲ್ಲಿಸಿದ ಕಪ್ಪು-ಬಿಳುಪು ಆಕ್ರೋಸ್, ಮರುವರ್ಷವೇ ಹೊಸ ರೂಪದಲ್ಲಿ ಬಂದಿತು. ಲೈಕಾ 2022ರಲ್ಲಿ ಎಂ6 ಕ್ಯಾಮೆರಾವನ್ನು ಮತ್ತೆ ತಂದಿತು. ಪೆಂಟಾಕ್ಸ್ ಹೆಸರಿನಲ್ಲಿ ರಿಕೋ ಸಂಸ್ಥೆ 2024ರ ಜೂನ್‌ನಲ್ಲಿ ಹೊಚ್ಚ ಹೊಸ ಫಿಲ್ಮ್ ಕ್ಯಾಮೆರಾ 'ಪೆಂಟಾಕ್ಸ್ 17' ಬಿಡುಗಡೆ ಮಾಡಿತು. ಫಿಲ್ಮಿನ ಖರ್ಚು ಹಗುರಾಗಲೆಂದು ಅದರಲ್ಲಿ ಒಂದು ಚೌಕಟ್ಟಿನ ಜಾಗದಲ್ಲಿ ಎರಡು ಚಿತ್ರ ಮೂಡುತ್ತವೆ. ಅಂದರೆ ಒಂದು ರೀಲಿಗೆ 72 ಚಿತ್ರ. ರೀಲು ಸುತ್ತುವ ಸನ್ನೆಯಂಥ ಭಾಗಗಳ ತಿಳಿವಳಿಕೆಯನ್ನು ಕಿರಿಯ ಎಂಜಿನಿಯರುಗಳು ಹಿರಿಯರಿಂದ ಕೇಳಿ ಕಲಿಯಬೇಕಾಯಿತು ಎಂಬುದು ಇಲ್ಲಿ ನೆನಪಿಡಬೇಕಾದ ಅಂಶ.

ಬಲಹೀನ ಕೊಂಡಿ

ಹಳೆಯ ಯಾಂತ್ರಿಕ ಕ್ಯಾಮೆರಾ ಗಟ್ಟಿ ಜೀವ. ಸ್ಪ್ರಿಂಗು, ಹಲ್ಲುಚಕ್ರಗಳಿಂದ ನಡೆಯುವ ಅದನ್ನು ಬಲ್ಲ ಕೈಗಳು ಬಿಚ್ಚಿ, ಶುಚಿಮಾಡಿ, ಎಣ್ಣೆ ಹಾಕಿದರೆ ಐವತ್ತು ವರ್ಷಗಳ ನಂತರವೂ ಕೆಲಸ ಮಾಡುತ್ತದೆ. ಫಿಲ್ಮ್ ಹಾಗಲ್ಲ. ಅದು ಬಳಸಿದರೆ ಮುಗಿಯುವ, ಇಟ್ಟರೆ ಕೆಡುವ ವಸ್ತು. ತೆಳುವಾದ ಅಸಿಟೇಟ್ ಹಾಳೆಯ ಮೇಲೆ ಬೆಳ್ಳಿಯ ಲವಣಗಳನ್ನು ಹೊತ್ತ ಜೆಲಟಿನ್ ಪದರಗಳನ್ನು ಕಗ್ಗತ್ತಲಿನಲ್ಲಿ, ಒಂದಿಷ್ಟೂ ಏರುಪೇರಾಗದಂತೆ ಲೇಪಿಸಬೇಕು. ಬಣ್ಣದ ಫಿಲ್ಮಿನಲ್ಲಿ ಇಂಥ ಪದರಗಳು ಹತ್ತಕ್ಕೂ ಹೆಚ್ಚು. ಇದು ಗೃಹ ಕೈಗಾರಿಕೆಯಲ್ಲಿ ಆಗುವ ಕೆಲಸವಲ್ಲ.

ಪೋಲರಾಯ್ಡ್‌ನ ಕತೆ ಇದಕ್ಕೆ ಸಾಕ್ಷಿ. ಆ ಸಂಸ್ಥೆ 2008ರಲ್ಲಿ ದಿಢೀರ್ ಚಿತ್ರದ ಫಿಲ್ಮ್ ತಯಾರಿಕೆಗೆ ವಿದಾಯ ಹೇಳಿದಾಗ, ನೆದರ್‌ಲ್ಯಾಂಡ್ಸ್‌ನ ಎನ್‌ಸ್ಕೆಡೆಯಲ್ಲಿದ್ದ ಕಾರ್ಖಾನೆಯನ್ನು ಹಳೆಯ ನೌಕರರು ಹಾಗೂ ಕೆಲ ಉತ್ಸಾಹಿಗಳು ಸೇರಿ ಉಳಿಸಿಕೊಂಡರು. ಯಂತ್ರಗಳಿದ್ದವು, ಅನುಭವವಿತ್ತು. ಆದರೆ ಬೇಕಾದ ರಾಸಾಯನಿಕಗಳ ಪೂರೈಕೆ ನಿಂತಿತ್ತು. ಹೀಗಾಗಿ ಫಿಲ್ಮಿನ ಸೂತ್ರವನ್ನೇ ಹೊಸದಾಗಿ ಕಂಡುಕೊಳ್ಳಬೇಕಾಯಿತು. ಮೊದಲ ವರ್ಷಗಳ ಚಿತ್ರಗಳು ಹಳೆಯ ಗುಣಮಟ್ಟದ ಹತ್ತಿರಕ್ಕೂ ಬರಲಿಲ್ಲ.

ಕೊಡಾಕ್ ಫಿಲ್ಮುಗಳು ಇಂದಿಗೂ ತಯಾರಾಗುವುದು ಅಮೆರಿಕದ ರೋಚೆಸ್ಟರ್ ನಗರದಲ್ಲಿ. ಅಲ್ಲಿನ ಲೇಪನ ಯಂತ್ರಗಳು ಭಾರಿ ಬೇಡಿಕೆಯ ಕಾಲಕ್ಕೆಂದು ರೂಪುಗೊಂಡವು. ಅವುಗಳನ್ನು ಓಡಿಸಲು ಛಾಯಾಗ್ರಾಹಕರ ಖರೀದಿಯೊಂದೇ ಸಾಲದು, ಸಿನಿಮಾದ ನೆರವೂ ಬೇಕು. ಹಾಲಿವುಡ್‌ನ ಪ್ರಮುಖ ಸ್ಟುಡಿಯೋಗಳು 2015ರಲ್ಲಿ ಕೊಡಾಕ್‌ನಿಂದ ಫಿಲ್ಮ್ ಕೊಳ್ಳುವ ಒಪ್ಪಂದಕ್ಕೆ ಬಂದದ್ದು ಆ ಕಾರ್ಖಾನೆಗೆ ಆಸರೆಯಾಯಿತು. ಆದರೂ 2025ರ ಆಗಸ್ಟ್‌ನಲ್ಲಿ, ಸಾಲದ ಹೊರೆಯಿಂದಾಗಿ ತನ್ನ ಮುಂದುವರಿಕೆಯ ಬಗ್ಗೆ ಸಂದೇಹವಿದೆಯೆಂದು ಸಂಸ್ಥೆಯೇ ತನ್ನ ಲೆಕ್ಕಪತ್ರದಲ್ಲಿ ಹೇಳಿತು. ಮುಚ್ಚುವ ಉದ್ದೇಶವಿಲ್ಲವೆಂದು ಬಳಿಕ ಸ್ಪಷ್ಟನೆ ನೀಡಿತು. ಅಕ್ಟೋಬರ್‌ನಲ್ಲಿ ಕೊಡಾಕಲರ್ ಹೆಸರಿನ ರೀಲುಗಳನ್ನೂ ಮಾರುಕಟ್ಟೆಗೆ ಬಿಟ್ಟಿತು. ಬೇಡಿಕೆ ಇದ್ದರೂ ಬುಡ ಭದ್ರವಾಗಿಲ್ಲ ಎಂಬುದಕ್ಕೆ ಆ ಮೂರು ತಿಂಗಳುಗಳ ಬೆಳವಣಿಗೆಗಳೇ ನಿದರ್ಶನ.

ಊಟಿಯ ಪಾಠ

ಬುಡವೇ ಕಳಚಿಹೋದರೆ ಏನಾಗುತ್ತದೆ ಎಂಬುದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಬಂಡೀಪುರ ದಾಟಿ ಘಾಟಿ ಏರಿದರೆ ಸಿಗುವ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, 1967ರಿಂದ ಉತ್ಪಾದನೆ ನಡೆಸಿತ್ತು. 'ಇಂದು' ಹೆಸರಿನ ಅದರ ಫಿಲ್ಮುಗಳು ದೇಶದ ಸ್ಟುಡಿಯೋಗಳಿಗೂ ಎಕ್ಸ್‌ರೇ ಕೊಠಡಿಗಳಿಗೂ ತಲುಪಿದ್ದವು. ನಷ್ಟದ ಸುಳಿಯಲ್ಲಿ ಸಿಲುಕಿದ ಕಾರ್ಖಾನೆಯ ನೌಕರರಿಗೆ ಸ್ವಯಂ ನಿವೃತ್ತಿ ನೀಡಿ ಅದನ್ನು ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸರ್ಕಾರ 2014ರಲ್ಲಿ ಬಂದಿತು.

ಪರಿಣಾಮವಾಗಿ ಬೆಂಗಳೂರಿನ ಯುವಕನೊಬ್ಬ ಇಂದು ಕೊಳ್ಳುವ ರೀಲು ವಿದೇಶದಿಂದಲೇ ಬರಬೇಕು. ಬಣ್ಣದ ರೀಲಿನ ಬೆಲೆಗೆ ತೊಳೆಸುವ, ಸ್ಕ್ಯಾನ್ ಮಾಡಿಸುವ ವೆಚ್ಚ ಸೇರಿದರೆ ಸಾಮಾನ್ಯವಾಗಿ ಸಾವಿರ ರೂಪಾಯಿ ದಾಟುತ್ತದೆ. ಸಾವಿರವೆಂದೇ ಹಿಡಿದರೂ ಒಂದು ಚಿತ್ರಕ್ಕೆ ಸುಮಾರು 28 ರೂಪಾಯಿ. ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವಗಳನ್ನೆಲ್ಲ ದಾಖಲಿಸಿದ್ದ ಮಾಧ್ಯಮ ಹೀಗೆ ಉಳ್ಳವರ ಹವ್ಯಾಸವಾಗುತ್ತಿರುವುದು ವಿಷಾದದ ಸಂಗತಿ.

ನೆಗೆಟಿವ್ ಎಲ್ಲಿ?

ಇನ್ನೂ ಒಂದು ವಿಪರ್ಯಾಸವಿದೆ. ಫಿಲ್ಮಿನಲ್ಲಿ ತೆಗೆದ ಚಿತ್ರಗಳೂ ಕೊನೆಗೆ ಹಂಚಿಕೆಯಾಗುವುದು ಮೊಬೈಲ್ ಪರದೆಯ ಮೇಲೆಯೇ. ಸ್ಕ್ಯಾನ್ ಮಾಡಿದ ಪ್ರತಿ ಕೈಸೇರಿದೊಡನೆ ನೆಗೆಟಿವ್ ಅನ್ನು ವಾಪಸು ಪಡೆಯದವರೂ ಇದ್ದಾರೆ. ಫೋನ್ ಕೆಟ್ಟರೆ ಸ್ಕ್ಯಾನ್ ಪ್ರತಿ ಹೋಗಬಹುದು. ಜೋಪಾನವಾಗಿಟ್ಟ ನೆಗೆಟಿವ್‌ನಿಂದ ದಶಕಗಳ ನಂತರವೂ ಹೊಸ ಪ್ರಿಂಟ್ ಹಾಕಿಸಬಹುದು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಜನಜೀವನದ ಚಿತ್ರಗಳಾಗಲಿ, ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳಾಗಲಿ ಮೂಡಿದ್ದು ಫಿಲ್ಮಿನ ಮೇಲೆಯೇ.

ಹೆಸರಾಂತರ ಚಿತ್ರಗಳು ಪುಸ್ತಕಗಳಲ್ಲಾದರೂ ಉಳಿದಿವೆ. ಜಿಲ್ಲೆ, ತಾಲ್ಲೂಕು ಕೇಂದ್ರಗಳ ಹಳೆಯ ಸ್ಟುಡಿಯೋಗಳ ಕಪಾಟುಗಳಲ್ಲಿರುವ ನೆಗೆಟಿವ್‌ಗಳಿಗೆ ಆ ಭಾಗ್ಯವಿಲ್ಲ. ಸೆಕೆ ಮತ್ತು ತೇವಕ್ಕೆ ಅಸಿಟೇಟ್ ಫಿಲ್ಮ್ ಹುಳಿವಾಸನೆ ಬೀರುತ್ತ ಸುರುಟಿಕೊಂಡು ಕೆಡುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಂದೊಂದು ಊರಿನ ಅರ್ಧ ಶತಮಾನದ ಮುಖಗಳು ಅಲ್ಲಿವೆ.

ಫಿಲ್ಮ್ ತಯಾರಿಕೆ ಎಷ್ಟು ಕಾಲ ನಡೆಯುತ್ತದೆ ಎಂಬುದು ರೋಚೆಸ್ಟರ್‌ನಂಥ ಊರುಗಳಲ್ಲಿ ನಿರ್ಧಾರವಾಗುವ ವಿಷಯ. ಅದರ ಮೇಲೆ ಕರ್ನಾಟಕದ ಹವ್ಯಾಸಿಗಳಿಗೆ ಹಿಡಿತವಿಲ್ಲ. ಆದರೆ ಕ್ಯಾಮೆರಾ ದುರಸ್ತಿ ಬಲ್ಲ ಹಿರಿಯರಿಂದ ವಿದ್ಯೆ ಕಲಿಯುವುದು, ತೊಳೆಸಿದ ನೆಗೆಟಿವ್ ಅನ್ನು ಮರಳಿ ಪಡೆಯುವುದು, ಸ್ಟುಡಿಯೋ ಕಪಾಟುಗಳಲ್ಲಿ ಇರುವುದನ್ನು ಒಣ, ತಂಪು ಜಾಗಕ್ಕೆ ಸಾಗಿಸಿ ಪಟ್ಟಿ ಮಾಡುವುದು ಇಲ್ಲಿಯೇ ಆಗಬಹುದಾದ ಕೆಲಸಗಳು. ಹಳೆಯ ಕ್ಯಾಮೆರಾದ ಮೇಲೆ ಹುಟ್ಟಿರುವ ಪ್ರೀತಿ ಈ ಕಡೆಗೂ ಹೊರಳಬೇಕು. ಕೆಟ್ಟ ಕ್ಯಾಮೆರಾಕ್ಕೆ ಬದಲಿ ಸಿಕ್ಕೀತು, ಕೆಟ್ಟ ನೆಗೆಟಿವ್‌ಗೆ ಸಿಗದು.