ಹೆಸರು ನಮ್ಮದು, ಹೊಣೆ ಯಾರದು?

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಕಾರ್ಡಿನ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ದುರುಪಯೋಗವಾದೀತು. ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡಿ ಎಂಬುದು ಅದರ ಸಾರ. ಜನ ತಪ್ಪಾಗಿ ಅರ್ಥ ಮಾಡಿಕೊಂಡಾರು ಎಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ವಾಪಸು ಪಡೆಯಿತು. ಎಂದಿನ ಎಚ್ಚರ ಇದ್ದರೆ ಸಾಕು ಎಂದಿತು.

ಆ ಎಂದಿನ ಎಚ್ಚರ ಎಂದರೆ ಯಾವುದು? ಲಾಡ್ಜಿನವರು, ಬಾಡಿಗೆ ಮನೆಯ ಮಾಲೀಕರು, ಮಗುವಿನ ಶಾಲೆಯವರು ಎಲ್ಲರೂ ಕೇಳುವುದು ಅದೇ ಜೆರಾಕ್ಸನ್ನು. ಕೊಡದಿದ್ದರೆ ಕೆಲಸವಾಗದು. ಕೊಟ್ಟು ಕೆಟ್ಟರೆ ‘ನೀವ್ಯಾಕೆ ಕೊಟ್ರಿ?’ ಎಂಬ ಪ್ರಶ್ನೆ. ಗುರುತಿನ ಕಳವಿನಿಂದ ನಮ್ಮನ್ನು ನಾವೇ ಕಾಪಾಡಿಕೊಳ್ಳಬೇಕು ಎಂಬ ಬುದ್ಧಿವಾದದಲ್ಲಿ ಅರ್ಧ ಸತ್ಯವಿದೆ. ಇನ್ನರ್ಧವನ್ನು ಯಾರೂ ಹೇಳುವುದಿಲ್ಲ: ಸುಳ್ಳು ಗುರುತನ್ನು ನಿಜವೆಂದು ಒಪ್ಪಿದವನಿಗೂ ಹೊಣೆಯಿದೆ.

ಯಾವುದೇ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯನ್ನು ನೋಡಿ. ಜನ ಕಾರ್ಡಿನ ಫೋಟೊವನ್ನು ಅಂಗಡಿಯವನ ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾರೆ. ಅವನು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಪ್ರಿಂಟ್ ತೆಗೆಯುತ್ತಾನೆ. ವಕ್ರವಾಗಿ ಬಂದ ಹಾಳೆ ಮೇಜಿನ ಕೆಳಗಿನ ಡಬ್ಬಕ್ಕೆ, ಸರಿಯಾಗಿ ಬಂದದ್ದು ಗಿರಾಕಿಯ ಕೈಗೆ. ಫೋಟೊ ಮಾತ್ರ ಅಳಿಸುವವರಿಲ್ಲದೆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅಂಗಡಿಯವನಲ್ಲಿ ಕೆಟ್ಟ ಉದ್ದೇಶವಿಲ್ಲ, ಪುರುಸೊತ್ತೂ ಇಲ್ಲ. ಇಷ್ಟು ಕಡೆ ಹರಡಿ ಬಿದ್ದ ಸಂಖ್ಯೆಯನ್ನು ಗುಟ್ಟು ಎನ್ನಲು ಬರುವುದಿಲ್ಲ. ಅದು ಕೈಯಲ್ಲಿದೆ ಎಂದ ಮಾತ್ರಕ್ಕೆ ಎದುರಿನವನನ್ನು ನಂಬುವುದೂ ತರವಲ್ಲ.

2022ರ ಫೆಬ್ರುವರಿಯಲ್ಲಿ ನಟಿ ಸನ್ನಿ ಲಿಯೋನ್ ತಮ್ಮ ಪ್ಯಾನ್ ಸಂಖ್ಯೆ ಬಳಸಿ ಯಾರೋ 2,000 ರೂಪಾಯಿ ಸಾಲ ಪಡೆದಿದ್ದಾರೆ, ಅದರಿಂದ ಸಾಲದ ಅರ್ಹತೆ ಅಳೆಯುವ ತಮ್ಮ ಸಿಬಿಲ್ ಅಂಕ ಹಾಳಾಗಿದೆ ಎಂದು ಟ್ವಿಟರ್‌ನಲ್ಲಿ ದೂರಿದರು. ದೇಶಕ್ಕೆಲ್ಲ ಗೊತ್ತಿರುವ ಮುಖದ ಹೆಸರಿನಲ್ಲೇ ಹೀಗೆ ಸಾಲ ಸಿಕ್ಕೀತಾದರೆ ಉಳಿದವರ ಗತಿ ಹೇಳಬೇಕಿಲ್ಲ. ಇಲ್ಲಿ ಮೋಸ ಹೋದವರು ಯಾರು? ಲೆಕ್ಕಕ್ಕೆ ಹಿಡಿದರೆ ಸಾಲ ಕೊಟ್ಟವರು. ಹಣ ಅವರದು, ಪರಿಶೀಲನೆಯ ಕರ್ತವ್ಯ ಅವರದು, ಎರಡು ನಿಮಿಷದಲ್ಲಿ ಸಾಲ ಎಂಬ ಜಾಹೀರಾತೂ ಅವರದು. ಆದರೆ ವಸೂಲಿಯ ಫೋನು ಬರುವುದು ಹೆಸರಿನ ಒಡೆಯರಿಗೆ. ತಮ್ಮ ನಷ್ಟವನ್ನು ಸಾಲ ಕೊಟ್ಟವರು ನಮ್ಮ ನಷ್ಟವನ್ನಾಗಿ ಮಾಡುತ್ತಾರೆ. ನಾವೂ ತಲೆ ತಗ್ಗಿಸಿ, ಎಲ್ಲಿ ಎಡವಿದೆವೋ ಎಂದು ಯೋಚಿಸುತ್ತ ಕೂರುತ್ತೇವೆ.

ಎಡವದವರಿಗೂ ಬಿಡುಗಡೆಯಿಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಯಿಂದ ಹಣ ಹೋಯಿತು. ಒಟಿಪಿ ಹೇಳಿದವರಿಲ್ಲ, ಲಿಂಕ್ ಒತ್ತಿದವರಿಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ವಂಚಕರ ಕೈಗೆ ಸಿಕ್ಕಿತ್ತು. ಆಧಾರ್ ಆಧಾರಿತ ಪಾವತಿಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಹೆಬ್ಬೆಟ್ಟು ಇಷ್ಟಿದ್ದರೆ ಸಾಕು. ಒಮ್ಮೆಗೆ 10,000 ರೂಪಾಯಿವರೆಗೆ ತೆಗೆಯಬಹುದು. ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತುವುದು ಕಾನೂನಿನ ಕಟ್ಟಳೆ. ಅದನ್ನು ಪಾಲಿಸಿದ್ದನ್ನು ಅಜಾಗ್ರತೆ ಎನ್ನಲಾದೀತೆ? ಪಾಸ್‌ವರ್ಡ್ ಕಳವಾದರೆ ಬೇರೆಯದು ಇಟ್ಟುಕೊಳ್ಳಬಹುದು, ಹೆಬ್ಬೆರಳು ಬೇರೆ ಸಿಗುವುದಿಲ್ಲ.

ಆಗ ಪೊಲೀಸರು ಹೇಳಿದ ಉಪಾಯ ಬಯೊಮೆಟ್ರಿಕ್ ಲಾಕ್. ಎಂಆಧಾರ್ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಿಟ್ಟರೆ ನಕಲಿ ಹೆಬ್ಬೆಟ್ಟು ನಡೆಯದು. ಸ್ಮಾರ್ಟ್‌ಫೋನ್ ಇರುವವರು ಇದನ್ನು ಈಗಲೇ ಮಾಡಬೇಕು. ಆದರೆ ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟು ಅಕ್ಕಿ ತರುವ ಅಜ್ಜಿ ಏನು ಮಾಡಬೇಕು? ಅವರ ಆಧಾರ್‌ಗೆ ಜೋಡಿಸಿರುವುದು ಮೊಮ್ಮಗನ ನಂಬರು, ಮೊಮ್ಮಗ ಇರುವುದು ಬೆಂಗಳೂರಿನಲ್ಲಿ. ಲಾಕ್ ತೆಗೆಯುವ ಒಟಿಪಿ ಅವನಿಗೆ ಹೋಗುತ್ತದೆ, ಇಲ್ಲಿ ಅಜ್ಜಿಯ ಸರದಿ ದಾಟುತ್ತದೆ. ಎಚ್ಚರ ಎಂಬುದು ಓದು ಬರಹ, ಫೋನು, ಬಿಡುವು ಇದ್ದವರಿಗಷ್ಟೇ ದಕ್ಕುವುದಾದರೆ, ಅದೊಂದನ್ನೇ ನೆಚ್ಚಿಕೊಂಡ ವ್ಯವಸ್ಥೆ ಬಡವರನ್ನು ಬಯಲಿನಲ್ಲಿ ನಿಲ್ಲಿಸಿದಂತೆ.

ಹೊಣೆಯನ್ನೆಲ್ಲ ಸಂಸ್ಥೆಗಳ ಮೇಲೆ ಹಾಕಿದರೆ ಜನ ಇನ್ನಷ್ಟು ಉಡಾಫೆಯಾಗುತ್ತಾರೆ, ಸಣ್ಣ ಸಾಲಗಾರರಿಗೆ ಸಾಲ ಹುಟ್ಟುವುದೇ ಕಷ್ಟವಾಗುತ್ತದೆ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಫೋನಿನಲ್ಲಿ ಕೇಳಿದವರಿಗೆಲ್ಲ ಒಟಿಪಿ ಹೇಳುವವರೂ ಇದ್ದಾರೆ. ಆದರೆ ತಪ್ಪನ್ನು ಅಳೆದು ಹಂಚುವ ದಾರಿ ನಮ್ಮಲ್ಲೇ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ಲೋಪದಿಂದ ಖಾತೆಯ ಹಣ ಹೋದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟವಿಲ್ಲ. ಗುಟ್ಟಿನ ಸಂಖ್ಯೆಯನ್ನು ತಾನೇ ಹೇಳಿ ಕಳೆದುಕೊಂಡವನು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ತಾನೇ ಹೊರಬೇಕು. ತಪ್ಪು ಗ್ರಾಹಕನದೆಂದು ಸಾಬೀತು ಮಾಡುವ ಭಾರ ಬ್ಯಾಂಕಿನದು. ಇದರಿಂದ ಬ್ಯಾಂಕುಗಳು ಮುಳುಗಿಲ್ಲ. ಸುಳ್ಳು ಹೆಸರಿನ ಸಾಲಕ್ಕೂ ಇಷ್ಟೇ ನೇರವಾದ ನಿಯಮ ಯಾಕಿರಬಾರದು?

ಕಾನೂನಿನ ಕಣ್ಣು ಬಹುಪಾಲು ಕದ್ದವನ ಮೇಲಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಗುರುತಿನ ಕಳವಿಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಹೇಳುತ್ತದೆ. ಆದರೆ ಕಳ್ಳ ಎಲ್ಲೋ ಕೂತಿರುತ್ತಾನೆ. ಕಣ್ಣೆದುರಿಗೆ ಇರುವವರು ನಮ್ಮ ಮಾಹಿತಿ ಕೇಳಿ ಪಡೆದು, ಬಿಚ್ಚಿಟ್ಟವರು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಕಾಯಲಾರದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಎನ್ನುತ್ತದೆ. ಆದರೆ ಹೆಸರು ಕೆಟ್ಟವನ ಕೈಗೆ ಆ ದಂಡದಿಂದ ಬಿಡಿಗಾಸೂ ಬರುವುದಿಲ್ಲ.

ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ಜೆರಾಕ್ಸ್ ಕೊಡುವಾಗ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಅದರ ಮೇಲೇ ಅಡ್ಡಲಾಗಿ ಬರೆಯಿರಿ. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಬಹುದು. ಸಿಬಿಲ್ ಸೇರಿ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಹಣ ಹೋಯಿತೆಂದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ.

ವರದಿಯಲ್ಲಿ ನಿಮ್ಮದಲ್ಲದ ಸಾಲ ಕಂಡರೆ ನಾಚಿಕೊಂಡು ಸುಮ್ಮನಾಗಬೇಡಿ, ಸಣ್ಣ ಮೊತ್ತವೆಂದು ಕಟ್ಟಿ ಕೈ ತೊಳೆದುಕೊಳ್ಳಲೂ ಬೇಡಿ. ಕಟ್ಟಿದರೆ ಸಾಲ ನಿಮ್ಮದೆಂದು ಒಪ್ಪಿದ ಹಾಗೆ. ದೂರನ್ನು 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. 2024ರಿಂದ ಅದು ಜಾರಿಯಲ್ಲಿದೆ. ಸಾಲ ಕೊಟ್ಟವರಿಗೆ ಬರೆಯುವ ದೂರಿನ ಪತ್ರದಲ್ಲಿ ನಿಮ್ಮ ನಿರಪರಾಧಿತ್ವದ ವಿವರಣೆಗಿಂತ ಮೊದಲು ಒಂದು ಪ್ರಶ್ನೆ ಇರಲಿ: ಸಾಲ ಕೇಳಿದವನು ನಾನೇ ಎಂದು ನೀವು ಹೇಗೆ ಖಚಿತಪಡಿಸಿಕೊಂಡಿರಿ? ಉತ್ತರ ಕೊಡಬೇಕಾದವರು ಅವರು.